ಮನೆ ಮುಂದೆ ಹೊಸ ಪಿಕಪ್: ಕೊಳ್ಳುವ ಮುಂಚೆ, ಕೊಂಡ ಮೇಲೆ

ನಮ್ಮ ಚಳ್ಳಕೆರೆ ಸೀಮೆಯಲ್ಲಿ ಈಗ ಹತ್ತು ಮನೆ ಇರುವ ಹಟ್ಟಿಯಲ್ಲೂ ಒಂದು ಪಿಕಪ್ ಕಾಣುತ್ತದೆ. 2005ರಲ್ಲಿ ಟಾಟಾ ಏಸ್ ಬಂದಾಗ ಜನ ಅದಕ್ಕೆ ಚೋಟಾ ಹಾಥಿ ಅಂದರು. ಆಮೇಲೆ ಅದಕ್ಕಿಂತ ದೊಡ್ಡವು ಬಂದವು. ನಾನು 2022ರಲ್ಲಿ 1.3 ಟನ್ ಹೊರುವ ಡೀಸೆಲ್ ಪಿಕಪ್ ತಂದೆ. ಅಂದಿನಿಂದ ಸುತ್ತಲ ಊರಿನವರು ಬಂದು ಕೇಳುವುದು ಒಂದೇ ಮಾತು: "ಹೆಂಗೈತಣ್ಣ ಗಾಡಿ? ನಾವೂ ತಗಳ್ಳಬಹುದಾ?" ಒಬ್ಬೊಬ್ಬರಿಗೂ ಹೇಳುವ ಬದಲು ಎಲ್ಲರಿಗೂ ಒಮ್ಮೆಗೇ ಬರೆಯುತ್ತಿದ್ದೇನೆ. ನನ್ನದು ಮಳೆ ನಂಬಿದ ಬೇಸಾಯ. ಶೇಂಗಾ, ತೊಗರಿ, ಬೋರ್‌ವೆಲ್ ನೀರಿದ್ದಷ್ಟು ಈರುಳ್ಳಿ, ಜೊತೆಗೆ ಕುರಿ. ಇದೇ ತರದ ಬೇಸಾಯದವರಿಗೆ ಈ ಲೆಕ್ಕ ಹೊಂದುತ್ತದೆ.

ಕಂತು ತಿಂಗಳಿಗೆ, ಬೆಳೆ ವರ್ಷಕ್ಕೆ

ಮೊದಲು ತಿಳಿಯಬೇಕಾದ್ದು ಇದು. ಸಾಲದ ಕಂತು ತಿಂಗಳು ತಿಂಗಳು ಬರುತ್ತದೆ. ಒಣಭೂಮಿಯವನ ಕೈಗೆ ದುಡ್ಡು ಬರುವುದು ವರ್ಷಕ್ಕೊಮ್ಮೆ, ಅದೂ ಮಳೆ ಬಂದರೆ. 8 ಲಕ್ಷ ಸಾಲ, ನೂರಕ್ಕೆ 10 ಬಡ್ಡಿ, 5 ವರ್ಷ ಅಂದರೆ ಕಂತು ಸುಮಾರು 17,000 ರೂ. ಆಗುತ್ತದೆ. 60 ಕಂತು ಕಟ್ಟಿ ಮುಗಿಸುವಾಗ 10 ಲಕ್ಷ 20 ಸಾವಿರ ಕೊಟ್ಟಿರುತ್ತೀರಿ.

ನಾನು ತಂದ ಮರುವರ್ಷವೇ, 2023ರಲ್ಲಿ, ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಅಂತ ಘೋಷಿಸಿದ ವರ್ಷ ಅದು. ಹೊಲದಲ್ಲಿ ಹೇರಲು ಶೇಂಗಾ ಇರಲಿಲ್ಲ. ಆ ವರ್ಷ ಕಂತು ಕಟ್ಟಿದ್ದು ಮೇವು, ಕುರಿ ಮತ್ತು ನೀರು. ನೀರಾವರಿ ಇದ್ದ ಕಡೆಯಿಂದ ಹುಲ್ಲು ತಂದೆ, ಊರವರ ಕುರಿ ಸಂತೆಗೆ ಹೊಡೆದೆ, ಡ್ರಮ್ಮುಗಳಲ್ಲಿ ನೀರು ಹೊತ್ತೆ. ಆದ್ದರಿಂದ ನನ್ನ ಮಾತು: ನಿಮ್ಮ ಸ್ವಂತ ಬೆಳೆ ಸಾಗಿಸುವುದನ್ನೇ ನಂಬಿ ಪಿಕಪ್ ತರಬೇಡಿ. ಬೆಳೆ ಇಲ್ಲದ ವರ್ಷ ಗಾಡಿಗೆ ಏನು ಕೆಲಸ ಅಂತ ಮೊದಲೇ ಯೋಚಿಸಿ. ಆರು ಕಂತಿನಷ್ಟು ಹಣ ಬೇರೆ ಇಟ್ಟುಕೊಂಡು ಗಾಡಿ ತಂದವನಿಗೆ ರಾತ್ರಿ ನಿದ್ದೆ ಬರುತ್ತದೆ.

ನಾನು ಕೊಂಡಾಗ ಜಿಎಸ್‌ಟಿ ನೂರಕ್ಕೆ 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಕ್ಕೆ ಅದು 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದು ಬಂದಿದೆಯೇ ನೋಡಿಕೊಳ್ಳಿ.

ಕಿಲೋಮೀಟರಿಗೆ ಎಷ್ಟು ಬೀಳುತ್ತದೆ?

ಗಾಡಿ ಇಟ್ಟವರಲ್ಲಿ ಬಹಳ ಜನ ಡೀಸೆಲ್ ಒಂದನ್ನೇ ಖರ್ಚು ಅಂತ ಹಿಡಿಯುತ್ತಾರೆ. ನನ್ನ ಮನೆಯಾಕೆ ನೋಟುಬುಕ್ಕಿನಲ್ಲಿ ಪ್ರತಿ ಟ್ರಿಪ್ಪು ಬರೆಯುತ್ತಾಳೆ. ಹೊರಟಾಗಿನ ಮೀಟರು, ಬಂದಾಗಿನ ಮೀಟರು, ಡೀಸೆಲ್, ಬಾಡಿಗೆ, ಬಾಕಿ. ಅದರ ಮೇಲೆ ಹಾಕಿದ ಲೆಕ್ಕ ಹೀಗಿದೆ. ತಿಂಗಳಿಗೆ 1,500 ಕಿ.ಮೀ. ಓಡಿದರೆ:

ಕಂತು: 11 ರೂ. 33 ಪೈಸೆ
ಡೀಸೆಲ್ (ಲೀಟರಿಗೆ 90 ರೂ., ಲೀಟರಿಗೆ 12 ಕಿ.ಮೀ.): 7 ರೂ. 50 ಪೈಸೆ
ವಿಮೆ (ವರ್ಷಕ್ಕೆ 30,000 ರೂ. ಅಂತ ಹಿಡಿದು): 1 ರೂ. 67 ಪೈಸೆ
ಟೈರು, ಆಯಿಲ್, ಸರ್ವಿಸು, ರಿಪೇರಿಗೆ ಎತ್ತಿಡುವುದು: 2 ರೂ. 50 ಪೈಸೆ
ಒಟ್ಟು: 23 ರೂ.

ಇದರಲ್ಲಿ ಓಡಿಸುವವನ ಕೂಲಿ ಇಲ್ಲ. ತಿಂಗಳಿಗೆ 1,000 ಕಿ.ಮೀ. ಮಾತ್ರ ಓಡಿದರೆ ಇದೇ ಲೆಕ್ಕ 29 ರೂ. 50 ಪೈಸೆ ಆಗುತ್ತದೆ. 700 ಕಿ.ಮೀ.ಗೆ ಇಳಿದರೆ 38 ರೂಪಾಯಿ ಹತ್ತಿರ. ಮನೆ ಮುಂದೆ ನಿಂತ ಗಾಡಿಯೂ ತಿನ್ನುತ್ತದೆ ಅನ್ನುವುದು ಇದಕ್ಕೇ.

ಈಗ ಈರುಳ್ಳಿಗೆ ಇದನ್ನು ಹಚ್ಚಿ ನೋಡೋಣ. ನಮ್ಮೂರಿಂದ ಚಳ್ಳಕೆರೆ ಮಾರ್ಕೆಟ್ಟಿಗೆ 25 ಕಿ.ಮೀ. ಹೋಗಿ ಬಂದರೆ 50 ಕಿ.ಮೀ., ಖರ್ಚು 1,150 ರೂ. 55 ಕೆ.ಜಿ.ಯ 21 ಚೀಲ ಒಯ್ದರೆ ಚೀಲಕ್ಕೆ 55 ರೂ., ಅಂದರೆ ಕಿಲೋಗೆ ಒಂದು ರೂಪಾಯಿ. ಇದು ತಾಳಿಕೆಯಾಗುತ್ತದೆ.

ಅದೇ ಬೆಂಗಳೂರಿನ ಯಶವಂತಪುರಕ್ಕೆ ಸುಮಾರು 200 ಕಿ.ಮೀ. ಬರುವಾಗ ಖಾಲಿ ಬಂದರೆ 400 ಕಿ.ಮೀ.ಗೆ 9,200 ರೂ., ಟೋಲ್ ಬೇರೆ. ಚೀಲಕ್ಕೆ 438 ರೂ., ಕಿಲೋಗೆ 8 ರೂಪಾಯಿ! ಈರುಳ್ಳಿ ರೇಟು ಬಿದ್ದ ದಿನ ಮೂಟೆ ಮಾರಿದ ದುಡ್ಡು ಗಾಡಿಗೇ ಹೋಗುತ್ತದೆ. ದೂರದ ಮಾರ್ಕೆಟ್ಟಿಗೆ ನಾಲ್ಕು ಜನ ಸೇರಿ ಲಾರಿ ಮಾಡುವುದೇ ಸರಿ. ಬರುವಾಗ ಗೊಬ್ಬರವೋ ಅಂಗಡಿ ಸಾಮಾನೋ ಸಿಗುವುದು ಖಾತ್ರಿ ಇದ್ದರೆ ಮಾತ್ರ ಪಿಕಪ್ ಹೊರಡಿಸಬಹುದು. ಪಿಕಪ್ ಲಾಭ ಕೊಡುವುದು 30–40 ಕಿ.ಮೀ. ಒಳಗೆ, ಬೆಳಿಗ್ಗೆ ಕಿತ್ತದ್ದನ್ನು ಬೆಳಿಗ್ಗೆಯೇ ಮುಟ್ಟಿಸುವ ಕೆಲಸದಲ್ಲಿ.

ಎಷ್ಟು ಚೀಲ ಹೇರಬೇಕು?

ಶೋರೂಮಿನಲ್ಲಿ "ಎರಡು ಟನ್ ಹಾಕಿ ಸಾರ್, ಏನಾಗಲ್ಲ" ಅನ್ನುತ್ತಾರೆ. ಅದನ್ನು ಬಿಟ್ಟು ಆರ್‌ಸಿ ನೋಡಿ. ಅದರಲ್ಲಿ ಖಾಲಿ ತೂಕ ಮತ್ತು ಸರಕು ಸೇರಿದ ಒಟ್ಟು ತೂಕ ಎರಡೂ ಇರುತ್ತವೆ. ನನ್ನದರಲ್ಲಿ 1,690 ಮತ್ತು 2,990. ಕಳೆದರೆ 1,300 ಕೆ.ಜಿ. ಈ 1,300ರಲ್ಲಿ ಓಡಿಸುವವನು, ಪಕ್ಕದಲ್ಲಿ ಕೂತವನು, ತಾಡಪಾಲು, ಹಗ್ಗ ಎಲ್ಲಾ ಸೇರಿದವು. ಇಬ್ಬರಿಗೆ 130 ಕೆ.ಜಿ. ಕಳೆದರೆ ಉಳಿಯುವುದು 1,170. 55 ಕೆ.ಜಿ. ಈರುಳ್ಳಿ ಚೀಲ ಅಂದರೆ 21 ಚೀಲ. ಕಣ್ಣಿಗೆ ಗಾಡಿ ಅರ್ಧ ಖಾಲಿ ಕಾಣುತ್ತದೆ, ಆದರೆ ತೂಕ ತುಂಬಿರುತ್ತದೆ. ಶೇಂಗಾ ಕಾಯಿ ಇದಕ್ಕೆ ತದ್ವಿರುದ್ಧ. ಚೆನ್ನಾಗಿ ಒಣಗಿದ ಚೀಲ 35 ಕೆ.ಜಿ. ಆಸುಪಾಸು ಇದ್ದರೆ 30 ಚೀಲಕ್ಕೆ 1,050 ಕೆ.ಜಿ. ಮಾತ್ರ. ಅಲ್ಲಿ ಜಾಗ ತುಂಬುತ್ತದೆ, ತೂಕ ತುಂಬುವುದಿಲ್ಲ.

ಪಕ್ಕದ ಹಲಗೆ ಎತ್ತರಿಸುವುದು, ಕಬ್ಬಿಣದ ಪಂಜರ ಕಟ್ಟಿಸುವುದು ಈಗ ಚಾಳಿಯಾಗಿದೆ. ಹಾಕಿದ ಕಬ್ಬಿಣದ ತೂಕವೂ ಆ 1,300ರಲ್ಲೇ ಕಳೆಯುತ್ತದೆ. ಆರ್‌ಟಿಓ ಒಪ್ಪಿಗೆ ಇಲ್ಲದೆ ಬಾಡಿ ಬದಲಾಯಿಸಿದರೆ ಕಾನೂನಿಗೂ ವಿರುದ್ಧ. ಹೆಚ್ಚು ಭಾರಕ್ಕೆ 2019ರ ತಿದ್ದುಪಡಿ ಕಾಯ್ದೆಯಲ್ಲಿ 20,000 ರೂ. ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂ. ಇದೆ. ಒಮ್ಮೆ ಸಿಕ್ಕಿಬಿದ್ದರೆ ಒಂದು ಕಂತಿಗಿಂತ ಹೆಚ್ಚು ಹೋಯಿತು.

ಹೇರುವ ರೀತಿಯೂ ಮುಖ್ಯ. ಭಾರದ ಚೀಲ ಕ್ಯಾಬಿನ್ ಕಡೆ, ಕೆಳಗೆ ಇರಲಿ. ಹಿಂದಿನ ಚಕ್ರದಿಂದ ಆಚೆಗೆ ಭಾರ ಜೋತುಬಿದ್ದರೆ ಮುಂಭಾಗ ಎತ್ತಿಕೊಳ್ಳುತ್ತದೆ, ಸ್ಟೇರಿಂಗ್ ಹಗುರಾಗಿ ಗಾಡಿ ಹೇಳಿದ ಮಾತು ಕೇಳುವುದಿಲ್ಲ. ಎತ್ತಿನ ಗಾಡಿಯಲ್ಲಿ ಹಿಂದೆ ಭಾರವಾದರೆ ನೊಗ ಮೇಲೇಳುವುದು ನೋಡಿಲ್ಲವೇ, ಅದೇ ಲೆಕ್ಕ.

ಓಡಿಸುವಾಗ

ಟ್ರ್ಯಾಕ್ಟರ್ ಓಡಿಸಿದವರಿಗೆ ಪಿಕಪ್ ಸುಲಭ ಅನ್ನಿಸುತ್ತದೆ. ಆದರೆ ಇದರ ಗುಣ ಬೇರೆ. ಹಿಂದಿನ ಪಟ್ಟಾ ಸ್ಪ್ರಿಂಗು ಭಾರಕ್ಕಂತ ಮಾಡಿದ್ದು. ಖಾಲಿ ಇದ್ದಾಗ ಗುಂಡಿಯಲ್ಲಿ ಕುಣಿಯುತ್ತದೆ. ಮಳೆ ಬಿದ್ದ ರಸ್ತೆಯಲ್ಲಿ ಖಾಲಿ ಗಾಡಿಗೆ ಜೋರಾಗಿ ಬ್ರೇಕ್ ತುಳಿದರೆ ಹಿಂಬದಿ ಪಕ್ಕಕ್ಕೆ ಜಾರುತ್ತದೆ. ಭಾರ ಇದ್ದಾಗ ನಿಲ್ಲಲು ಹೆಚ್ಚು ದೂರ ಬೇಕು. ಇಳಿಜಾರಿನಲ್ಲಿ ಹತ್ತಿದ ಗೇರಿನಲ್ಲೇ ಇಳಿಯಿರಿ, ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸಲು ಹೋಗಬೇಡಿ. ಸರಕು ಗಾಡಿಗೆ 80 ಕಿ.ಮೀ. ಮೀರದಂತೆ ವೇಗ ನಿಯಂತ್ರಕ ಇರುತ್ತದೆ. ಹೈವೇಯಲ್ಲಿ ಲಾರಿ ಹಿಂದೆ ಹಾಕುವ ಮುನ್ನ ಇದು ನೆನಪಿರಲಿ, ಅರ್ಧದಲ್ಲಿ ಗಾಡಿ ಏಳುವುದಿಲ್ಲ.

ಎಳೆಯುವುದು ಹಿಂದಿನ ಚಕ್ರ. ಎರೆಹೊಲದ ದಾರಿಯಲ್ಲಿ ಖಾಲಿ ಗಾಡಿ ನಿಂತಲ್ಲೇ ತಿರುಗುತ್ತದೆ. ಹಿಂದಿನ ಚಕ್ರದ ಮೇಲೆ ಎರಡು ಮೂರು ಮರಳಿನ ಚೀಲ ಹಾಕಿಕೊಂಡರೆ ಹಿಡಿತ ಸಿಗುತ್ತದೆ. ಹದ ಮಳೆ ಬಿದ್ದ ದಿನ ಎರೆಗೆ ಇಳಿಸದಿರುವುದೇ ಮೇಲು.

ಕಣದಲ್ಲಿ ಹಿಂದಕ್ಕೆ ತೆಗೆಯುವಾಗ ಒಬ್ಬರು ಇಳಿದು ಹಿಂದೆ ನಿಲ್ಲಲೇಬೇಕು. ಕ್ಯಾಬಿನ್‌ನಲ್ಲಿ ಕೂತವನಿಗೆ ಹಲಗೆಯ ಹಿಂದೆ ಕೂತ ಮಗು ಕಾಣುವುದೇ ಇಲ್ಲ. ನಮ್ಮ ಮನೆಯಲ್ಲಿ ಇದು ಕಟ್ಟುನಿಟ್ಟು.

ಮೊದಲ 1,000 ಕಿ.ಮೀ. ತುಂಬು ಭಾರ ಬೇಡ, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸುವುದೂ ಬೇಡ. ಮೊದಲ ಸರ್ವಿಸಿನಲ್ಲಿ ಚಕ್ರದ ನಟ್ಟು, ಪಟ್ಟಾದ ಯು-ಬೋಲ್ಟು ಬಿಗಿ ಮಾಡಿಸಿ. ನಮ್ಮ ಕೆಂಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟುತ್ತದೆ, ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಮುಂಚೆಯೇ ನೋಡಿಸಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗಳ ಸೈಲೆನ್ಸರ್ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಊರೊಳಗೇ ಎರಡು ಮೂರು ಕಿ.ಮೀ. ಓಡಾಡುತ್ತಿದ್ದರೆ ಅದು ಮಸಿಯಿಂದ ಕಟ್ಟಿ ದೀಪ ಹತ್ತುತ್ತದೆ. ಆಗ ಪುಸ್ತಕದಲ್ಲಿ ಹೇಳಿದಂತೆ ದೊಡ್ಡ ರಸ್ತೆಯಲ್ಲಿ ಒಂದೇ ಹದದಲ್ಲಿ ಓಡಿಸಿದರೆ ಮಸಿ ಸುಟ್ಟು ಹೋಗುತ್ತದೆ. ದೀಪ ನೋಡಿಯೂ ಸುಮ್ಮನಿದ್ದರೆ ಎಳೆತ ಬಿದ್ದುಹೋಗಿ ಖರ್ಚು ದೊಡ್ಡದಾಗುತ್ತದೆ. ಇನ್ನೊಂದು, ಇಲಿ! ಶೇಂಗಾ ಇಟ್ಟ ಮನೆ ಪಕ್ಕ ಗಾಡಿ ನಿಲ್ಲಿಸಿದರೆ ಬಾನೆಟ್ ಒಳಗೆ ಸೇರಿ ವೈರು ಕಡಿಯುತ್ತದೆ. ಬಯಲಲ್ಲಿ ನಿಲ್ಲಿಸಿ, ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ.

ಕಾಗದ ಪತ್ರ

ಹಳದಿ ಪ್ಲೇಟಿನ ಗಾಡಿಗೆ ವಿಮೆ ವರ್ಷ ವರ್ಷ ಕಟ್ಟಬೇಕು. ಈ ತೂಕದ ಸರಕು ಗಾಡಿಗೆ ಮೂರನೆಯವರ ವಿಮೆಯ ಮೂಲ ದರವೇ 2022ರ ಜೂನ್‌ನ ಆದೇಶದಲ್ಲಿ 16,049 ರೂ. ಇತ್ತು. ಎಫ್‌ಸಿ ಮೊದಲ ಎರಡು ವರ್ಷಕ್ಕೆ ಇರುತ್ತದೆ, ಆಮೇಲೆ ಗಾಡಿಗೆ ಎಂಟು ವರ್ಷ ತುಂಬುವವರೆಗೆ ಎರಡೆರಡು ವರ್ಷಕ್ಕೆ, ನಂತರ ಪ್ರತಿ ವರ್ಷ. ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ. ಅದಕ್ಕೆ ಮೇಲಿನದಕ್ಕೆ ಬೇಕು. 1.3 ಟನ್ನೋ 1.7 ಟನ್ನೋ ಅಂತ ಆರಿಸುವಾಗ ಇದನ್ನೂ ಕೇಳಿ. ಲೈಸೆನ್ಸ್ ವಿಚಾರದಲ್ಲಿ ಇದ್ದ ಗೊಂದಲ ತೀರಿದೆ. 7,500 ಕೆ.ಜಿ.ಯೊಳಗಿನ ಸರಕು ಗಾಡಿಗೆ ಎಲ್‌ಎಂವಿ ಲೈಸೆನ್ಸೇ ಸಾಕು ಅಂತ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ.

ಹಿಂದೆ ಜನ ಕೂರಿಸುವ ಮಾತು

ಪಿಕಪ್ ಇಟ್ಟವನಿಗೆ ಎಲ್ಲಕ್ಕಿಂತ ಕಷ್ಟದ್ದು ಇದು. ಗೌರಸಮುದ್ರ ಮಾರಮ್ಮನ ಜಾತ್ರೆ ಬಂತು, ನಾಯಕನಹಟ್ಟಿ ತೇರು ಬಂತು, ಮದುವೆ, ಮಣ್ಣು, ಕಳೆ ತೆಗೆಯಲು ಆಳು. ಎಲ್ಲದಕ್ಕೂ "ಹಿಂದೆ ಕುಂತ್ಕಂಡು ಬರ್ತೀವಿ, ನಿಂಗೇನ್ ಭಾರ?" ಅನ್ನುತ್ತಾರೆ. ಕೇಳುವವರು ಬೇರೆಯವರಲ್ಲ. ಅಣ್ಣ ತಮ್ಮಂದಿರು, ಬೀಗರು, ನಮ್ಮ ಹೊಲಕ್ಕೆ ಬರುವ ಹೆಣ್ಣಾಳುಗಳು.

ಕಾನೂನು ಹೇಳುವುದು ಇಷ್ಟು. ಸರಕಿನ ಮಾಲೀಕ ಅಥವಾ ಅವನ ಕಡೆಯವನು ಸರಕಿನ ಜೊತೆ ಬಂದರೆ ವಿಮೆಯ ರಕ್ಷಣೆ ಇದೆ, ಅದೂ ಆರ್‌ಸಿಯಲ್ಲಿ ಬರೆದಷ್ಟು ಸೀಟಿಗೆ. ಸುಮ್ಮನೆ ಹತ್ತಿ ಕೂತ ಪ್ರಯಾಣಿಕರಿಗೆ ಇಲ್ಲ. ಗಾಡಿ ಪಲ್ಟಿಯಾಗಿ ಸಾವು ನೋವಾದರೆ ಪರಿಹಾರ ಮಾಲೀಕನ ತಲೆ ಮೇಲೆ. ವಿಮಾ ಕಂಪನಿ ಮೊದಲು ಕೊಟ್ಟರೂ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲು ಕೋರ್ಟು ಅವಕಾಶ ಕೊಡುತ್ತದೆ. ಅಂಥ ಮೊತ್ತಕ್ಕೆ ಹೊಲ ಮಾರಿದರೂ ಸಾಲದು. ದುಡ್ಡಿನ ಮಾತು ಹೋಗಲಿ, ಹೋದ ಜೀವಕ್ಕೆ ಏನು ಹೇಳುವುದು? ಹಿಡಿಯಲು ಏನೂ ಇಲ್ಲದ ಕಬ್ಬಿಣದ ತೊಟ್ಟಿಯಲ್ಲಿ ಮೂವತ್ತು ಜನ ನಿಂತರೆ ಭಾರವೆಲ್ಲ ಮೇಲಿರುತ್ತದೆ, ಒಂದು ತಿರುವು ಸಾಕು.

ನಾನು ಮೊದಲ ತಿಂಗಳಲ್ಲೇ ಇಲ್ಲ ಅಂದೆ. ಸುಲಭ ಆಗಲಿಲ್ಲ. "ಗಾಡಿ ಬಂದ ಮೇಲೆ ದೊಡ್ಡಪ್ಪ ದೊಡ್ಡೋನಾದ" ಅಂತ ನನ್ನ ತಮ್ಮನ ಮಗನೇ ಅಂದ. ಒಂದು ಮನೆಯವರು ಒಂದು ವರ್ಷ ಮಾತು ಬಿಟ್ಟರು. ಅದಕ್ಕೆ ನಾನು ಮಾಡಿದ್ದು: ಜಾತ್ರೆಗೆ ಅಕ್ಕಿ, ಪಾತ್ರೆ, ಸೌದೆ ಬಾಡಿಗೆ ಇಲ್ಲದೆ ಒಯ್ಯುತ್ತೇನೆ. ಜನ ಬಸ್ಸಿನಲ್ಲೋ ಟೆಂಪೋದಲ್ಲೋ ಬರುತ್ತಾರೆ. ಆಳುಗಳಿಗೆ ಆಟೋ ಖರ್ಚು ಕೂಲಿ ಜೊತೆಗೇ ಕೊಡುತ್ತೇನೆ. ರಾತ್ರಿ ಬಾಣಂತಿಗೋ ಹಾವು ಕಚ್ಚಿದವರಿಗೋ 108 ಬರುವುದು ತಡವಾದರೆ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಡುತ್ತೇನೆ, ಅದಕ್ಕೆ ಯಾರೂ ಕೇಳಬೇಕಾಗಿಲ್ಲ. ಮಾತು ಬಿಟ್ಟ ಮನೆಯವರು ಈಗ ತಮ್ಮ ಶೇಂಗಾ ನನ್ನ ಗಾಡಿಯಲ್ಲೇ ಕಳಿಸುತ್ತಾರೆ.

ಬಾಡಿಗೆಯ ದಾಕ್ಷಿಣ್ಯಕ್ಕೂ ಒಂದು ದಾರಿ ಇದೆ. ಚಳ್ಳಕೆರೆಗೆ ಇಷ್ಟು, ಚಿತ್ರದುರ್ಗಕ್ಕೆ ಇಷ್ಟು, ಕಾಯುವುದಕ್ಕೆ ಇಷ್ಟು ಅಂತ ಗೋಡೆಯ ಮೇಲೆ ಬರೆಸಿಬಿಡಿ. ನೆಂಟರಿಗೂ ಅದೇ, ಬೇರೆಯವರಿಗೂ ಅದೇ. ಕೊಡಲಾಗದವರಿಗೆ ಬಿಡುವುದಿದ್ದರೆ ಅದನ್ನೂ ಪುಸ್ತಕದಲ್ಲಿ ಬರೆದು ಬಿಡಿ.

ಯಾರು ತರಬಹುದು?

ಸ್ವಂತ ಕೆಲಸ, ಊರ ಬಾಡಿಗೆ ಸೇರಿ ತಿಂಗಳಿಗೆ 1,000 ಕಿ.ಮೀ. ಓಟ ಖಾತ್ರಿ ಇರುವವರು, ಮನೆಯಲ್ಲೇ ಓಡಿಸುವವರು ಇರುವವರು, ಮಳೆ ಬಾರದ ವರ್ಷಕ್ಕೆ ಇನ್ನೊಂದು ಆದಾಯ ಇರುವವರು ತರಬಹುದು. ವರ್ಷದಲ್ಲಿ ಇಪ್ಪತ್ತು ಮೂವತ್ತು ಟ್ರಿಪ್ಪು ಇರುವವರಿಗೆ ಬಾಡಿಗೆ ಗಾಡಿಯೇ ಅಗ್ಗ. ಶೋರೂಮಿಗೆ ಹೋಗುವ ಮುನ್ನ ಹೋದ ವರ್ಷ ನೀವು ಯಾವ ಯಾವ ಟ್ರಿಪ್ಪಿಗೆ ಎಷ್ಟು ಬಾಡಿಗೆ ಕೊಟ್ಟಿರಿ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಅದನ್ನು ಹನ್ನೆರಡು ಕಂತಿನ ಪಕ್ಕ ಇಟ್ಟು, ಮನೆಯವರೆಲ್ಲ ಕೂತು ನೋಡಿ. ಮುಂಗಡ ಕಟ್ಟುವುದು ಆಮೇಲೆ.