ರಾತ್ರಿ ಕಡಲ ಅಲೆಗಳು ನೀಲಿಯಾಗಿ ಹೊಳೆಯುವುದೇಕೆ? ನೋಡಲು ಚೆಂದ, ಆದರೆ ಇದು ಎಚ್ಚರಿಕೆಯೂ ಹೌದು!

2019ರ ಆಗಸ್ಟ್‌ನ ಒಂದು ರಾತ್ರಿ ಚೆನ್ನೈನ ತಿರುವಾನ್ಮಿಯೂರು ಕಡಲತೀರದಲ್ಲಿದ್ದವರು ಬೆರಗಾಗಿ ನಿಂತಿದ್ದರು. ದಡಕ್ಕೆ ಅಪ್ಪಳಿಸುತ್ತಿದ್ದ ಅಲೆಗಳ ಅಂಚಿನಲ್ಲಿ ನೀಲಿ ಬೆಳಕು! 2020ರ ನವೆಂಬರ್‌ನಲ್ಲಿ ಮುಂಬೈ, ಉಡುಪಿ ಮತ್ತು ಕಾರವಾರದ ಕಡಲಲ್ಲೂ ಇದೇ ದೃಶ್ಯ ಕಂಡುಬಂತು. ವಿಡಿಯೋಗಳು ಸಾಮಾಜಿಕ ಜಾಲತಾಣಗಳಲ್ಲಿ ಭಾರೀ ವೈರಲ್ ಆದವು. ಅಷ್ಟಕ್ಕೂ ನೀರಿಗೆ ಈ ಬೆಳಕು ಬರುವುದು ಎಲ್ಲಿಂದ?

ಹೊಳೆಯುವುದು ನೀರಲ್ಲ, ಜೀವಿ

ಈ ಬೆಳಕಿನ ಹಿಂದಿರುವುದು ನೊಕ್ಟಿಲುಕಾ ಸಿಂಟಿಲಾನ್ಸ್ ಎಂಬ ಏಕಕೋಶ ಜೀವಿ. ಗಾತ್ರದಲ್ಲಿ ಸಾಸಿವೆ ಕಾಳಿಗಿಂತಲೂ ಚಿಕ್ಕದು. ಜೀವಿಗಳು ಹೀಗೆ ತಾವೇ ಬೆಳಕು ಸೂಸುವುದನ್ನು ಬಯೋಲ್ಯೂಮಿನೆಸೆನ್ಸ್, ಅಂದರೆ ಜೈವಿಕ ದೀಪ್ತಿ ಎನ್ನುತ್ತಾರೆ. ಲೂಸಿಫೆರಿನ್ ಎಂಬ ರಾಸಾಯನಿಕ ಆಮ್ಲಜನಕದೊಂದಿಗೆ ಬೆರೆತಾಗ ಬೆಳಕು ಹೊಮ್ಮುತ್ತದೆ. ಈ ಕ್ರಿಯೆಗೆ ವೇಗ ಕೊಡುವುದು ಲೂಸಿಫೆರೇಸ್ ಎಂಬ ಕಿಣ್ವ. ಮಳೆಗಾಲದ ಹೊಸ್ತಿಲಲ್ಲಿ ಮಲೆನಾಡಿನಲ್ಲಿ ಮಿನುಗುವ ಮಿಂಚುಹುಳುವಿನದ್ದೂ ಇದೇ ಬಗೆಯ ವಿದ್ಯೆ. ಬಲ್ಬಿನಂತೆ ಇದು ಬಿಸಿಯಾಗುವುದಿಲ್ಲ. ಹಾಗಾಗಿಯೇ ಇದಕ್ಕೆ 'ತಣ್ಣನೆಯ ಬೆಳಕು' ಎಂಬ ಹೆಸರು.

ಬೆಳಕೇ ಕಳ್ಳಗಂಟೆ

ನೊಕ್ಟಿಲುಕಾ ಸದಾ ಹೊಳೆಯುವುದಿಲ್ಲ. ಅಲೆ ಅಪ್ಪಳಿಸಿದಾಗ, ದೋಣಿ ಹಾದಾಗ, ಯಾರಾದರೂ ನೀರು ಕಲಕಿದಾಗ ಮಾತ್ರ ಮಿಂಚುತ್ತದೆ. ತನ್ನನ್ನು ತಿನ್ನಲು ಬಂದ ಜೀವಿಯನ್ನು ಬೆಚ್ಚಿಬೀಳಿಸುವುದು, ಅದನ್ನು ತಿನ್ನುವ ದೊಡ್ಡ ಜೀವಿಗೆ ಅದರ ಜಾಗ ತೋರಿಸಿಕೊಡುವುದು ಇದರ ಉದ್ದೇಶ ಎನ್ನುತ್ತಾರೆ ವಿಜ್ಞಾನಿಗಳು.

ಆಳಸಮುದ್ರದ ಅಟೋಲಾ ಎಂಬ ಜೆಲ್ಲಿ ಮೀನಿನದ್ದೂ ಇದೇ ತಂತ್ರ. ವಿಜ್ಞಾನಿ ಎಡಿತ್ ವಿಡರ್ ಅದರ ಬೆಳಕನ್ನು ಅನುಕರಿಸುವ ಎಲೆಕ್ಟ್ರಾನಿಕ್ ದೀಪವೊಂದನ್ನು ತಯಾರಿಸಿ 2012ರಲ್ಲಿ ಜಪಾನ್ ಬಳಿ ಸಮುದ್ರಕ್ಕಿಳಿಸಿದರು. ಅದುವರೆಗೆ ಆಳಕಡಲಿನಲ್ಲಿ ಯಾರೂ ವಿಡಿಯೋ ಮಾಡಿರದ ದೈತ್ಯ ಸ್ಕ್ವಿಡ್ ಆ ಬೆಳಕನ್ನು ಹುಡುಕಿ ಬಂದು ಕ್ಯಾಮೆರಾಕ್ಕೆ ಸಿಕ್ಕಿತು.

ಕತ್ತಲ ಲೋಕದ ದೀಪಗಳು

ಸಮುದ್ರದಲ್ಲಿ 1,000 ಮೀಟರ್ ಆಳ ದಾಟಿದರೆ ಸೂರ್ಯನ ಬೆಳಕು ತಲುಪುವುದಿಲ್ಲ. ಅಲ್ಲಿ ಬದುಕಲು ಸ್ವಂತ ದೀಪವೇ ಗತಿ. ಹೆಣ್ಣು ಆಂಗ್ಲರ್ ಮೀನಿನ ತಲೆಯ ಮೇಲಿನ ಗಾಳದ ತುದಿಯಲ್ಲಿ ಹೊಳೆಯುವ ಬ್ಯಾಕ್ಟೀರಿಯಾಗಳಿದ್ದು, ಬೇಟೆಯನ್ನು ಸೆಳೆಯುತ್ತವೆ. ಸ್ವಲ್ಪ ಮೇಲಿನ ಸ್ತರದಲ್ಲಿರುವ ಹ್ಯಾಚೆಟ್ ಮೀನು ಹೊಟ್ಟೆಯಡಿ ದೀಪ ಹೊತ್ತಿಸಿ ತನ್ನ ನೆರಳನ್ನೇ ಅಳಿಸಿಬಿಡುತ್ತದೆ. ಕ್ಯಾಲಿಫೋರ್ನಿಯಾದ ಕಡಲಿನಲ್ಲಿ 17 ವರ್ಷ ಚಿತ್ರೀಕರಿಸಿದ ವಿಡಿಯೋಗಳ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ, ನೀರಿನಲ್ಲಿ ಕಂಡ ಪ್ರಾಣಿಗಳ ಪೈಕಿ ಶೇ. 76ರಷ್ಟು ಬೆಳಕು ಸೂಸಬಲ್ಲವು!

ಹಾಗಾದರೆ ಆತಂಕ ಏಕೆ?

ನೊಕ್ಟಿಲುಕಾ ಕೆಲವಷ್ಟೇ ಇದ್ದರೆ ತೊಂದರೆಯಿಲ್ಲ. ಕೋಟಿಗಟ್ಟಲೆ ಹೆಚ್ಚಿದಾಗಲೇ ಸಮಸ್ಯೆ. ಮೀನಿನ ಆಹಾರ ಸರಪಳಿಯ ಬುಡದಲ್ಲಿರುವ ಡಯಾಟಮ್ ಎಂಬ ಸೂಕ್ಷ್ಮ ಪಾಚಿಯನ್ನು ಇವು ತಿಂದುಹಾಕುತ್ತವೆ. ಇವು ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಕುಸಿಯುತ್ತದೆ, ಅಮೋನಿಯಾ ಸೇರುತ್ತದೆ. 2019ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಇದೇ ಜೀವಿ ಮಿತಿಮೀರಿ ಬೆಳೆದು ನೀರು ಹಸಿರಾಯಿತು, ಸತ್ತ ಮೀನುಗಳು ದಡಕ್ಕೆ ಬಂದು ಬಿದ್ದವು.

ಉತ್ತರ ಅರಬ್ಬಿ ಸಮುದ್ರದಲ್ಲಿ ಚಳಿಗಾಲದಲ್ಲಿ ಡಯಾಟಮ್‌ಗಳದ್ದೇ ಮೇಲುಗೈ ಇತ್ತು. 2000ದ ಈಚೆಗೆ ಆ ಜಾಗವನ್ನು ನೊಕ್ಟಿಲುಕಾ ಆಕ್ರಮಿಸಿದೆ. ಹಿಮಾಲಯದ ಹಿಮ ಕರಗುತ್ತಿರುವುದಕ್ಕೂ ಇದಕ್ಕೂ ನಂಟಿದೆ ಎನ್ನುತ್ತದೆ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಪಾಲ್ಗೊಂಡ 2020ರ ಅಧ್ಯಯನ. ಚಳಿಗಾಲದ ಗಾಳಿಯ ತಂಪು ಕಡಿಮೆಯಾದರೆ ಕಡಲಿನ ಮೇಲ್ಪದರ ತಣಿದು ಕೆಳಗಿಳಿಯುವುದಿಲ್ಲ, ಆಳದ ಪೋಷಕಾಂಶ ಮೇಲೆ ಬರುವುದಿಲ್ಲ. ಡಯಾಟಮ್‌ಗಳು ಸೊರಗುತ್ತವೆ. ಆದರೆ ತನ್ನೊಳಗೇ ಹಸಿರು ಪಾಚಿ ಸಾಕಿಕೊಂಡು, ಇತರ ಜೀವಿಗಳನ್ನೂ ತಿನ್ನುವ ಇಲ್ಲಿನ ನೊಕ್ಟಿಲುಕಾ ಜಗ್ಗುವುದಿಲ್ಲ. ನಷ್ಟ ಮಾತ್ರ ಮೀನುಗಾರರಿಗೆ.

ಹೈದರಾಬಾದ್‌ನಿಂದ ನಿಗಾ

ಹೈದರಾಬಾದ್‌ನಲ್ಲಿರುವ ಕೇಂದ್ರ ಸರ್ಕಾರದ ಇನ್‌ಕಾಯಿಸ್ ಸಂಸ್ಥೆ 2021ರಿಂದ ಉಪಗ್ರಹ ಮಾಹಿತಿ ಆಧರಿಸಿ ಇಂಥ ಬೆಳವಣಿಗೆಗಳ ಮೇಲೆ ಕಣ್ಣಿಟ್ಟಿದೆ. ಈಶಾನ್ಯ ಅರಬ್ಬಿ ಸಮುದ್ರ, ಕೇರಳ ಕರಾವಳಿ, ಮನ್ನಾರ್ ಕೊಲ್ಲಿ ಮತ್ತು ಒಡಿಶಾದ ಗೋಪಾಲಪುರ ಕರಾವಳಿಯನ್ನು ಅದು ವಿಶೇಷವಾಗಿ ಗಮನಿಸುತ್ತಿದೆ.

ಜುಹುವಿನಲ್ಲೋ ಮಲ್ಪೆಯಲ್ಲೋ ನೀಲಿ ಅಲೆ ಕಂಡರೆ ಖಂಡಿತ ನಿಂತು ನೋಡಿ. ಆದರೆ ದಡದಲ್ಲಿ ಸತ್ತ ಮೀನು ಬಿದ್ದಿದ್ದರೆ, ನೀರು ಕೆಟ್ಟ ವಾಸನೆ ಬರುತ್ತಿದ್ದರೆ ಇಳಿಯದಿರುವುದೇ ಲೇಸು.