ಅರವತ್ತರ ಮೇಲೆ ನಡುಗುವ ಜೀಪು

ಸಕಲೇಶಪುರದ ಕಡೆ ಕಾಫಿ ತೋಟಗಳಲ್ಲಿ ಹಳೆಯ ಮಹೀಂದ್ರ ಜೀಪಿಗೆ ಮುಪ್ಪು ಅನ್ನುವುದೇ ಇಲ್ಲ. ಎಂಜಿನ್ ಸೋತರೆ ಬೇರೆ ಎಂಜಿನ್ ಕೂರುತ್ತದೆ, ಕಮಾನು ಪ್ಲೇಟು ಎತ್ತರವಾಗುತ್ತದೆ, ಟಯರ್ ದಪ್ಪವಾಗುತ್ತದೆ. ತೋಟದೊಳಗೆ ಸಾಧುವಿನಂತಿರುವ ಇಂಥ ಜೀಪು ಹೆದ್ದಾರಿಗೆ ಬಂದು ಅರವತ್ತು ದಾಟಿತೋ, ಮೈಯೆಲ್ಲಾ ನಡುಕ.

ನಮ್ಮ ಜೀಪಿನದೂ ಅದೇ ಪಾಡಾಗಿತ್ತು. ಐದು ಗೇರಿನ ಪೆಟ್ಟಿಗೆ ಕೂರಿಸಿ, ಎಂಜಿನ್ ಬಲವನ್ನು ಹಿಂದಿನ ಚಕ್ರಗಳ ಕಡೆಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ ಗಿಡ್ಡ ಮಾಡಿದ್ದರು. ಆಮೇಲೆ ಟಯರ್ ಬ್ಯಾಲೆನ್ಸ್ ಮಾಡಿಸಿದೆ, ಶಾಫ್ಟ್ ಬ್ಯಾಲೆನ್ಸ್ ಮಾಡಿಸಿದೆ, ಶಾಫ್ಟಿನ ತುದಿಗಳ ಯು.ಜೆ. (ಯೂನಿವರ್ಸಲ್ ಜಾಯಿಂಟ್) ಕ್ರಾಸ್ ಎರಡು ಸಲ ಬದಲಾಯಿಸಿದೆ. ಶಾಫ್ಟ್ ಕೂತ ಕೋನ ಅಳೆದು ನೋಡೋಣ ಎಂದು ಒಬ್ಬರೂ ಹೇಳಲಿಲ್ಲ.

ತಪ್ಪು ಅಲ್ಲೇ ಇತ್ತು. ಓರೆಯಾಗಿ ಕೂತ ಕ್ರಾಸಿಗೆ ಒಂದು ಹುಟ್ಟುಗುಣವಿದೆ. ಗೇರ್‌ಬಾಕ್ಸ್ ಒಂದೇ ಸಮನೆ ತಿರುಗುತ್ತಿದ್ದರೂ ಕ್ರಾಸಿನ ಆಚೆಗಿನ ಶಾಫ್ಟ್ ಒಂದು ಸುತ್ತಿನಲ್ಲಿ ಎರಡು ಸಲ ಮುಂದೋಡುತ್ತದೆ, ಎರಡು ಸಲ ಹಿಂದೆ ಬೀಳುತ್ತದೆ. ಕೋನ 3 ಡಿಗ್ರಿ ಇದ್ದರೆ ಈ ಏರಿಳಿತ ಶೇ 0.14ರಷ್ಟು, ಲೆಕ್ಕಕ್ಕಿಲ್ಲ. 10 ಡಿಗ್ರಿಗೆ ಶೇ 1.5, 20 ಡಿಗ್ರಿಗೆ ಶೇ 6ರ ಆಸುಪಾಸು. ಹದಿನೇಳನೇ ಶತಮಾನದಲ್ಲೇ ರಾಬರ್ಟ್ ಹುಕ್ ಇದನ್ನು ಗುರುತಿಸಿ, ನೆರಳು ಗಡಿಯಾರದ ಮೇಲೆ ಸರಿಯುವ ನೆರಳಿನ ನಡೆಗೆ ಹೋಲಿಸಿದ್ದ. ಆ ಹೋಲಿಕೆ ನೆನೆದಾಗಲೆಲ್ಲ ನನಗೆ ಬೆರಗು.

ಮದ್ದೂ ಕ್ರಾಸಿನಲ್ಲೇ ಇದೆ. ಮುಂದಿನ ಕ್ರಾಸ್ ಎಬ್ಬಿಸಿದ ಏರಿಳಿತವನ್ನು ಹಿಂದಿನ ಕ್ರಾಸ್ ಅಳಿಸಿಹಾಕಬಲ್ಲದು. ಆದರೆ ಎರಡೂ ತುದಿಯ ಕೋನ ಸಮವಾಗಿರಬೇಕು, ಶಾಫ್ಟಿನ ಎರಡು ತುದಿಯ ಕವೆಗಳು ಒಂದೇ ನೇರಕ್ಕೆ ಕೂತಿರಬೇಕು. ಸ್ಪ್ಲೈನ್ ಬಿಚ್ಚಿ ಜೋಡಿಸುವಾಗ ಒಂದು ಹಲ್ಲು ಆಚೀಚೆಯಾದರೂ ಲೆಕ್ಕ ಕೆಡುತ್ತದೆ. ಹಾಗಾದರೆ ಕೋನವೇ ಇಲ್ಲದಂತೆ ನೆಟ್ಟಗೆ ಕೂರಿಸಿದರಾಯಿತಲ್ಲ ಎನ್ನುವವರಿದ್ದಾರೆ. ಅದೂ ಸಲ್ಲದು. ಒಂದು ಡಿಗ್ರಿಯಷ್ಟಾದರೂ ಓರೆ ಇಲ್ಲದಿದ್ದರೆ ಕ್ರಾಸಿನ ಕಪ್ಪಿನೊಳಗಿನ ಸೂಜಿ ಬೇರಿಂಗ್ ಹೊರಳದೆ, ನಿಂತಲ್ಲೇ ಗುಳಿ ಕೊರೆಯುತ್ತದೆ.

ಕೊನೆಗೆ ಒಂದು ಭಾನುವಾರ ನಾನೂ ಮೆಕ್ಯಾನಿಕ್ಕೂ ಸೇರಿ ನಾವೇ ಅಳೆದೆವು. ಸಮತಟ್ಟು ನೆಲ, ಜೀಪಿನ ಭಾರ ಪೂರ್ತಿ ಚಕ್ರಗಳ ಮೇಲೆ. ಜಾಕ್ ಕೊಟ್ಟು ಎತ್ತಿದರೆ ಹಿಂದಿನ ಆಕ್ಸಲ್ ಹೌಸಿಂಗ್ ಜೋತುಬಿದ್ದು ಅಳತೆ ಸುಳ್ಳಾಗುತ್ತದೆ. ಗ್ರೀಸು, ಮಣ್ಣು ಒರೆಸಿ ಫೋನನ್ನೇ ಮಟ್ಟಗೋಲು ಮಾಡಿಕೊಂಡೆವು. ಗೇರ್‌ಬಾಕ್ಸಿಗೆ ಅಂಟಿದ ಟ್ರಾನ್ಸ್‌ಫರ್ ಕೇಸ್ ಹಿಂದಕ್ಕೆ 4 ಡಿಗ್ರಿ ಇಳಿಜಾರು, ಶಾಫ್ಟ್ 9 ಡಿಗ್ರಿ, ಶಾಫ್ಟ್ ಹೋಗಿ ಸೇರುವ ಆಕ್ಸಲ್‌ನ ಪಿನಿಯನ್ ಮಟ್ಟಸ. ಅಂದರೆ ಮುಂದಿನ ಕ್ರಾಸಿಗೆ 5, ಹಿಂದಿನದಕ್ಕೆ 9. ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದ ಜಾಗದಲ್ಲಿ ನಾಲ್ಕು! ಅರವತ್ತರ ವೇಗದಲ್ಲಿ ಈ ಶಾಫ್ಟ್ ಸೆಕೆಂಡಿಗೆ ಮೂವತ್ತೈದು ಸುತ್ತಿನ ಮೇಲೆ ತಿರುಗುತ್ತದೆ. ಸುತ್ತಿಗೆರಡರಂತೆ ಎಪ್ಪತ್ತಕ್ಕೂ ಮಿಕ್ಕಿ ಗುದ್ದು. ಸೀಟಿನಡಿ ನಡುಗುತ್ತಿದ್ದದ್ದು ಅದೇ.

ಲೇತ್‌ನಲ್ಲಿ 3 ಡಿಗ್ರಿಯ ಬೆಣೆ ಮಾಡಿಸಿ, ಹೌಸಿಂಗ್‌ಗೂ ಕೆಳಗಿನ ಕಮಾನು ಪ್ಲೇಟಿಗೂ ನಡುವೆ, ದಪ್ಪ ಭಾಗ ಮುಂದಕ್ಕೆ ಬರುವಂತೆ ಇಟ್ಟೆವು. ಪಿನಿಯನ್ ಮೂಗು ಮೇಲೆದ್ದಾಗ ಶಾಫ್ಟಿನ ಇಳಿಜಾರೂ 8ಕ್ಕೆ ಬಂತು. ಈಗ ಮುಂದೆ 4, ಹಿಂದೆ 5.

"ಇನ್ನೊಂದು ಡಿಗ್ರಿ ಯಾಕಣ್ಣ ಉಳಿಸಿದ್ದು?" ಎಂದೆ.

"ಆಕ್ಸಿಲರೇಟರ್ ತುಳಿದಾಗ ಕಮಾನು ತಿರುಚಿ ಮೂಗು ತಾನೇ ಏಳುತ್ತೆ ಸಾರ್. ಅದಕ್ಕೂ ಜಾಗ ಬೇಕಲ್ವಾ?" ಎಂದರು ಮೆಕ್ಯಾನಿಕ್.

ಅಂದು ಸಂಜೆ ಹಾಸನದ ದಾರಿಯಲ್ಲಿ ಎಪ್ಪತ್ತು ಮುಟ್ಟಿಸಿದೆ. ಪಕ್ಕದ ಕನ್ನಡಿಯಲ್ಲಿ ಹಿಂದಿನ ಲಾರಿಯ ನಂಬರ್ ಪ್ಲೇಟನ್ನು ಓದಲು ಬಂತು. ಇನ್ನೂರು ಕಿ.ಮೀ. ಓಡಿದ ಮೇಲೆ ಯು ಬೋಲ್ಟ್‌ಗಳನ್ನು ಮತ್ತೆ ಬಿಗಿಸಲು ಹೋದರೆ, ಗ್ಯಾರೇಜಿನಲ್ಲಿ ಇನ್ನೊಂದು ಎತ್ತರದ ಜೀಪು ನಿಂತಿತ್ತು. ಮೆಕ್ಯಾನಿಕ್ ಅದರಡಿ ಮಲಗಿದ್ದರು, ಎದೆಯ ಮೇಲೆ ಫೋನು.