ಅಂಗಳದಲ್ಲಿ ವರ್ಷವಿಡೀ ಹೂವು

ಪ್ರಶ್ನೆ: ನಮ್ಮ ಅಂಗಳದಲ್ಲಿ ಬೇಸಿಗೆಯಲ್ಲಿ ಹೂವೋ ಹೂವು, ಆಮೇಲೆ ಬರೀ ಹಸಿರು. ಎಲ್ಲ ಕಾಲದಲ್ಲೂ ಬಣ್ಣ ಇರಬೇಕಾದರೆ ಯಾವ ಗಿಡ ನೆಡಬೇಕು?

ಉತ್ತರ: ಒಂದೇ ಕಾಲದಲ್ಲಿ ಅರಳುವ ಗಿಡಗಳನ್ನಷ್ಟೇ ನೆಟ್ಟರೆ ಹೀಗಾಗುತ್ತದೆ. ಮೊದಲು ದಾಸವಾಳ, ಕನಕಾಂಬರ ನೆಡಿ. ನಮ್ಮ ಹವೆಯಲ್ಲಿ ಇವು ಹೆಚ್ಚುಕಡಿಮೆ ವರ್ಷಪೂರ್ತಿ ಹೂ ಕೊಡುತ್ತವೆ. ಕನಕಾಂಬರ ಅರೆನೆರಳಲ್ಲೂ ಬದುಕುತ್ತದೆ.

ಉಳಿದ ಜಾಗವನ್ನು ಕಾಲಕ್ಕೆ ತಕ್ಕಂತೆ ಹಂಚಿ. ಬೇಸಿಗೆಗೆ ದುಂಡುಮಲ್ಲಿಗೆ. ನವೆಂಬರ್ ಕೊನೆಗೆ ಅದನ್ನು ಸವರಿದರೆ ಹೊಸ ಚಿಗುರು ಬಂದು, ಮಾರ್ಚ್ ಹೊತ್ತಿಗೆ ಮೊಗ್ಗು ತುಂಬುತ್ತದೆ. ಮಳೆಗಾಲಕ್ಕೆ ಜಾಜಿ, ಕರ್ಣಕುಂಡಲ, ಮಲೆನಾಡಾದರೆ ಡೇರೆ. ಡೇರೆ ಗೆಡ್ಡೆಯ ಬುಡದಲ್ಲಿ ನೀರು ನಿಂತರೆ ಕೊಳೆಯುತ್ತದೆ, ಏರು ಮಡಿ ಮಾಡಿ. ಚೆಂಡುಹೂವು ಬಿತ್ತಿದ ಸುಮಾರು 2 ತಿಂಗಳಿಗೆ ಅರಳುತ್ತದೆ. ಜುಲೈ–ಆಗಸ್ಟ್‌ನಲ್ಲಿ ಬಿತ್ತಿದರೆ ದಸರೆ, ದೀಪಾವಳಿಗೆ ಸಿಗುತ್ತದೆ.

ಚಳಿಗಾಲ ಸೇವಂತಿಗೆಯದು. ಸಾಮಾನ್ಯ ತಳಿಗಳು ಮೊಗ್ಗಾಗುವುದು ರಾತ್ರಿ ದೀರ್ಘವಾದಾಗ. ಬೀದಿದೀಪದ ಬೆಳಕು ರಾತ್ರಿಯಿಡೀ ಬೀಳುವ ಕಡೆ ಕುಂಡ ಇಟ್ಟರೆ ಗಿಡ ಎಲೆಯಲ್ಲೇ ಉಳಿಯಬಹುದು. ಎಳೆಯ ಗಿಡದ ತುದಿ ಚಿವುಟಿದರೆ ಕವಲೊಡೆದು ಹೂ ಹೆಚ್ಚುತ್ತದೆ.

ನರ್ಸರಿಗೆ ಒಂದೇ ಸಲ ಹೋಗಿ ಎಲ್ಲ ಗಿಡ ತರಬೇಡಿ. ಆಯಾ ಕಾಲದಲ್ಲಿ ಹೋಗಿ, ಆಗ ಅರಳಿರುವುದನ್ನು ನೋಡಿ, ಒಂದೊಂದೇ ತನ್ನಿ. ವರ್ಷ ತಿರುಗುವಷ್ಟರಲ್ಲಿ ಅಂಗಳ ತುಂಬಿರುತ್ತದೆ.